ಹಿರಿಯರ ಟೂಲ್ ಬಾಕ್ಸ್ ಮಾರುವ ಮೊದಲು: ಟರ್ನರ್, ಫಿಟ್ಟರ್ ಉಪಕರಣಗಳನ್ನು ಗುರುತಿಸಿ ಬೆಲೆ ಕಟ್ಟುವ ಬಗೆ

ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಒಂದು ಭಾರದ ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಹಂಚಿನ ಕಾರ್ಖಾನೆಯಲ್ಲೋ ಮುಂಬೈಯ ವರ್ಕ್‌ಶಾಪಿನಲ್ಲೋ ಗಲ್ಫಿನಲ್ಲೋ ಟರ್ನರ್ (ಲೇತ್ ಯಂತ್ರದಲ್ಲಿ ಲೋಹ ಕಡೆಯುವವರು) ಅಥವಾ ಫಿಟ್ಟರ್ (ಯಂತ್ರದ ಭಾಗಗಳನ್ನು ಜೋಡಿಸುವವರು) ಆಗಿ ದುಡಿದು ಊರಿಗೆ ಮರಳಿದ ಹಿರಿಯರು ತಮ್ಮ ಕೈಗೆ ಒಗ್ಗಿದ ಉಪಕರಣಗಳನ್ನು ಅದರಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ. ಅವರು ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವ ದಿನ ಗುಜರಿಯವರನ್ನು ಕರೆದು, ಸಣ್ಣ ಮರದ ಡಬ್ಬಿಯೊಳಗಿನ ಮೈಕ್ರೋಮೀಟರನ್ನೂ (ಸ್ಕ್ರೂ ತಿರುಗಿಸಿ ಸೂಕ್ಷ್ಮ ದಪ್ಪವನ್ನು ಅಳೆಯುವ ಉಪಕರಣ) ತುಕ್ಕು ಹಿಡಿದ ಸರಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿಸಿಬಿಡುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಕಿಲೋ ಲೆಕ್ಕದಲ್ಲಿ ಕೊಡುವ ಮೊದಲು ಪ್ರತಿಯೊಂದರ ಮೇಲಿರುವ ಹೆಸರು ಮತ್ತು ಅಂಕಿಗಳನ್ನು ಓದಬೇಕು.

ಮೊದಲ ನಿಯಮವೆಂದರೆ ಉಜ್ಜಬಾರದು. ನನ್ನ ದೊಡ್ಡಪ್ಪನ ಪೆಟ್ಟಿಗೆಯಲ್ಲಿದ್ದ ಸ್ಲಿಪ್ ಗೇಜ್‌ಗಳನ್ನು (ಅಳತೆ ತಾಳೆ ನೋಡಲು ಬಳಸುವ, ನಿಖರ ದಪ್ಪದ ಉಕ್ಕಿನ ತುಂಡುಗಳು) ಮಾರಾಟಕ್ಕೆ ಹೊಳಪಾಗಿ ಕಾಣಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಮನೆಯವರು ಎಮರಿ ಕಾಗದದಿಂದ ತಿಕ್ಕಿದ್ದರು. ಮೈಕ್ರಾನ್ ಲೆಕ್ಕದಲ್ಲಿ ನುಣುಪಾಗಿಸಿದ ಮೇಲ್ಮೈ ಹಾಳಾಗಿ, ಇಡೀ ಸೆಟ್ಟು ಅರ್ಧ ಗಂಟೆಯಲ್ಲಿ ಬರಿಯ ಉಕ್ಕಿನ ತುಂಡುಗಳಾಯಿತು. ಆ ಬೇಸರ ಇಂದಿಗೂ ಹೋಗಿಲ್ಲ. ಮೆತ್ತನೆಯ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಒರೆಸಿ, ಬಳಿಕ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿದರೆ ಸಾಕು. ನಮ್ಮ ಕಡೆ ಕಬ್ಬಿಣಕ್ಕೆ ತೆಂಗಿನೆಣ್ಣೆ ಹಚ್ಚುವ ರೂಢಿಯಿದೆ. ಅಳತೆಯ ಉಪಕರಣಕ್ಕೆ ಅದು ಬೇಡ, ಕಾಲಕ್ರಮದಲ್ಲಿ ಅದು ಹಳಸಿ ಅಂಟಾಗುತ್ತದೆ. ಆಯುಧಪೂಜೆಗೆ ಇಟ್ಟ ಗಂಧ, ಕುಂಕುಮ ಗೆರೆಗಳ ಸಂದಿಯಲ್ಲಿ ಒಣಗಿ ಕುಳಿತಿದ್ದರೆ ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ, ಏಕೆಂದರೆ ಅದು ತೇವ ಹಿಡಿದಿಟ್ಟುಕೊಂಡು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಗಾಳಿಯಲ್ಲೇ ಉಪ್ಪಿರುವ ಕರಾವಳಿಯಲ್ಲಿ ಈ ಎಚ್ಚರ ಮುಖ್ಯ.

ಇನ್ನು ಗುರುತಿಸುವಿಕೆ. ಬಿಸಿಲಿನಲ್ಲಿ ಬಿಳಿ ಪಂಚೆಯೊಂದನ್ನು ಹಾಸಿ ಎಲ್ಲವನ್ನೂ ಹರಡಿ, ಭೂತಗನ್ನಡಿ ಹಿಡಿದು ಕುಳಿತುಕೊಳ್ಳಿ. ಡಬ್ಬಿಯನ್ನು ಅದರ ಉಪಕರಣದಿಂದ ಬೇರೆ ಮಾಡಬೇಡಿ. ಮೂಲ ಡಬ್ಬಿ, ಅದರೊಳಗಿನ ಸಣ್ಣ ಸ್ಪ್ಯಾನರ್ ಮತ್ತು ಹಳೆಯ ಚೀಟಿ, ಇವೆಲ್ಲ ಬೆಲೆಯ ಭಾಗ. ಜಪಾನಿನ ಮಿಟುಟೊಯೊ (1934ರಲ್ಲಿ ಸ್ಥಾಪನೆ), ಅಮೆರಿಕದ ಸ್ಟಾರೆಟ್ (1880), ಇಂಗ್ಲೆಂಡಿನ ಶೆಫೀಲ್ಡಿನ ಮೂರ್ ಅಂಡ್ ರೈಟ್ (1906), ಸ್ವಿಟ್ಜರ್ಲೆಂಡಿನ ಟೆಸಾ, ಜರ್ಮನಿಯ ಮೌಸರ್ ಹೆಸರುಗಳು ಕಂಡರೆ ಅವನ್ನು ಬೇರೆಯಾಗಿಡಿ. ನಮ್ಮ ದೇಶದ ಬೇಕರ್ ಡಯಲ್ ಗೇಜ್ (ಸಣ್ಣ ಏರುಪೇರನ್ನು ಮುಳ್ಳಿನಿಂದ ತೋರಿಸುವ ಗಡಿಯಾರದಂಥ ಉಪಕರಣ), ಮಿರಾಂಡಾ ಟೂಲ್ ಬಿಟ್‌ಗಳಿಗೂ (ಲೇತಿನಲ್ಲಿ ಲೋಹ ಕತ್ತರಿಸುವ ತುಂಡುಗಳು) ಕೊಳ್ಳುವವರಿದ್ದಾರೆ. ಹೆಸರಿನಷ್ಟೇ ಊರೂ ಕಾಲವನ್ನು ಹೇಳುತ್ತದೆ. ‘ವೆಸ್ಟ್ ಜರ್ಮನಿ’ ಎಂದು ಕೊರೆದಿದ್ದರೆ ಅದು 1949ರಿಂದ 1990ರ ನಡುವಿನದು. ಸ್ಟಾರೆಟ್ ಉಪಕರಣದ ಮೇಲೆ ಸ್ಕಾಟ್ಲೆಂಡ್ ಎಂದಿದ್ದರೆ, ಅಲ್ಲಿನ ಜೆಡ್‌ಬರ್ಗಿನ ಕಾರ್ಖಾನೆ ಆರಂಭವಾದ 1958ರ ನಂತರದ್ದು. ಬರೀ ಇಂಚಿನ ಅಳತೆಯಿದ್ದರೆ ಹಳೆಯದಾಗಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಭಾರತದಲ್ಲಿ ಮೆಟ್ರಿಕ್ ಪದ್ಧತಿಗೆ 1956ರ ಕಾಯಿದೆ ದಾರಿ ಮಾಡಿತು. ಆದರೆ ಇದೊಂದನ್ನೇ ನಂಬಿ ಕಾಲ ನಿರ್ಧರಿಸಬಾರದು. ಮಿಟುಟೊಯೊ ಹೆಸರಿನ ನಕಲಿ ಮಾಲು ಮಾರುಕಟ್ಟೆಯಲ್ಲಿ ಬಹಳವಿರುವುದರಿಂದ ಅಕ್ಷರಗಳ ಅಚ್ಚುಕಟ್ಟು, ಗೆರೆಗಳ ತೆಳ್ಳನೆ, ತಿರುಗಿಸುವಾಗಿನ ನಯ ಇವನ್ನೂ ಗಮನಿಸಬೇಕು. ಹಿರಿಯರು ಕೊರೆದಿಟ್ಟ ಇನಿಷಿಯಲ್ ಇದ್ದರೆ ಅಳಿಸಲು ಹೋಗಬೇಡಿ. ಅದರಿಂದ ಬೆಲೆ ಅಷ್ಟಾಗಿ ಕುಗ್ಗುವುದಿಲ್ಲ, ಅಳಿಸಿದ ಗಾಯದಿಂದ ಕುಗ್ಗುತ್ತದೆ.

ಹೆಸರು ಎಷ್ಟೇ ದೊಡ್ಡದಿರಲಿ, ಅಳತೆ ತಪ್ಪಾದರೆ ಆ ಉಪಕರಣ ಕೆಲಸಕ್ಕೆ ಬಾರದು. ಮೆಟ್ರಿಕ್ ಮೈಕ್ರೋಮೀಟರಿನ ಸ್ಕ್ರೂ ಒಂದು ಸುತ್ತಿಗೆ 0.5 ಮಿಲಿಮೀಟರ್ ಮುಂದೆ ಹೋಗುತ್ತದೆ. ತಿರುಗುವ ಭಾಗದ ಮೇಲೆ 50 ಗೆರೆಗಳಿರುವುದರಿಂದ ಒಂದು ಗೆರೆ ಎಂದರೆ 0.01 ಮಿಲಿಮೀಟರ್. ಇಂಚಿನದಾದರೆ 25 ಗೆರೆ, ಒಂದು ಗೆರೆಗೆ ಇಂಚಿನ ಸಾವಿರದಲ್ಲಿ ಒಂದು ಭಾಗ. 0–25 ಮಿಲಿಮೀಟರ್ ಅಳೆಯುವ ಮೈಕ್ರೋಮೀಟರಿನ ಎರಡೂ ಮುಖಗಳನ್ನು ಒರೆಸಿ, ರ್ಯಾಚೆಟ್ಟಿನಿಂದಲೇ (ಹೆಚ್ಚು ಬಿಗಿಯಾಗದಂತೆ ಜಾರುವ ತುದಿಯ ಹಿಡಿ) ಮೆಲ್ಲಗೆ ಮುಚ್ಚಿದಾಗ ಸೊನ್ನೆ ಕೂಡಬೇಕು. ಸೊನ್ನೆ ಸ್ವಲ್ಪ ತಪ್ಪಿದ್ದರೆ ಡಬ್ಬಿಯೊಳಗಿನ ಸ್ಪ್ಯಾನರಿನಿಂದ ಸರಿಪಡಿಸಬಹುದು, ಅದು ದೋಷವಲ್ಲ. ಸೊನ್ನೆಯಲ್ಲಿ ಸರಿಯಿದ್ದು 10 ಅಥವಾ 15ರಲ್ಲಿ ಸ್ಲಿಪ್ ಗೇಜ್ ಹಿಡಿದಾಗ ತಪ್ಪು ತೋರಿದರೆ ಸ್ಕ್ರೂ ಸವೆದಿದೆ ಎಂದು ಅರ್ಥ, ಅದನ್ನು ಕೊಳ್ಳುವವರಿಗೆ ಹೇಳಲೇಬೇಕು. 25–50 ಅಥವಾ ಅದಕ್ಕಿಂತ ದೊಡ್ಡದಾದರೆ ಸೊನ್ನೆ ನೋಡುವ ಉಕ್ಕಿನ ಕಡ್ಡಿ ಜೊತೆಗಿದೆಯೇ ಹುಡುಕಿ. ಅದನ್ನು ಏನೆಂದು ತಿಳಿಯದೆ ಮೊಳೆಗಳ ಡಬ್ಬಿಗೆ ಹಾಕಿರುವುದೇ ಹೆಚ್ಚು. ವರ್ನಿಯರಿನ (ದವಡೆಗಳ ನಡುವೆ ವಸ್ತು ಹಿಡಿದು ಅಳೆಯುವ, ಜಾರುವ ಅಳತೆಪಟ್ಟಿ) ದವಡೆಗಳನ್ನು ಮುಚ್ಚಿ ಬೆಳಕಿಗೆ ಹಿಡಿದಾಗ ನಡುವೆ ಬೆಳಕು ಇಣುಕಬಾರದು. ಡಯಲ್ ಗೇಜಿನ ಕಡ್ಡಿ ತಡೆಯಿಲ್ಲದೆ ಒಳಹೋಗಿ, ಬಿಟ್ಟಾಗ ಮುಳ್ಳು ಪ್ರತಿ ಸಲವೂ ಅದೇ ಗೆರೆಗೆ ಮರಳಬೇಕು. ಬಿಗಿಯಾಗಿದೆಯೆಂದು ಅದಕ್ಕೆ ಎಣ್ಣೆ ಬಿಡಬೇಡಿ. ಸ್ಲಿಪ್ ಗೇಜ್ ಪೆಟ್ಟಿಗೆಯಲ್ಲಿ ಎಷ್ಟು ತುಂಡುಗಳಿವೆ, ಯಾವ ಗೂಡು ಖಾಲಿಯಿದೆ ಎಂದು ಎಣಿಸಿ, ಎರಡು ತುಂಡುಗಳನ್ನು ಶುಚಿಮಾಡಿ ಒತ್ತಿ ಜಾರಿಸಿದಾಗ ಅಂಟಿಕೊಳ್ಳುತ್ತವೆಯೇ ನೋಡಿ. ಬೆವರಿದ ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ.

ಟ್ಯಾಪ್ (ರಂಧ್ರದೊಳಗೆ ಸ್ಕ್ರೂ ಎಳೆ ಕೊರೆಯುವುದು), ಡೈ (ಸರಳಿನ ಮೇಲೆ ಎಳೆ ಕೊರೆಯುವುದು) ಇವುಗಳಲ್ಲಿ ಅಂಕಿ ಓದುವುದೇ ಕೆಲಸ. ಬಿಎಸ್‌ಡಬ್ಲ್ಯೂ ಎಂದಿದ್ದರೆ 55 ಡಿಗ್ರಿಯ ಹಳೆಯ ಬ್ರಿಟಿಷ್ ತ್ರೆಡ್ (ಸ್ಕ್ರೂ ಎಳೆ), ಎಂ ಎಂದಿದ್ದರೆ 60 ಡಿಗ್ರಿಯ ಮೆಟ್ರಿಕ್. ಅರ್ಧ ಇಂಚಿಗೆ ಬಿಎಸ್‌ಡಬ್ಲ್ಯೂನಲ್ಲಿ ಇಂಚಿಗೆ 12 ಎಳೆ, ಅಮೆರಿಕದ ಇಂಚಿನ ತ್ರೆಡ್ ಆದ ಯುಎನ್‌ಸಿಯಲ್ಲಿ 13. ಇವೆರಡನ್ನು ಬೆರೆಸಿ ಮಾರಿದರೆ ಕೊಂಡವರ ಕೆಲಸ ಕೆಡುತ್ತದೆ. ಮೂರು ಟ್ಯಾಪುಗಳ ಪೂರ್ತಿ ಸೆಟ್ಟನ್ನು ಬಿಡಿಸದೆ ಮಾರಿ. ಲೇತಿನಲ್ಲಿ ಕೆಲಸದ ತುಂಡನ್ನು ಹಿಡಿಯುವ ಮೂರು ದವಡೆಯ ಚಕ್ ಇದ್ದರೆ ದವಡೆಗಳ ಮೇಲಿನ 1, 2, 3 ಅಂಕಿಗಳು ಕೂಡುತ್ತವೆಯೇ, ಹೊರದವಡೆಗಳ ಇನ್ನೊಂದು ಸೆಟ್ಟು ಎಲ್ಲಾದರೂ ಇದೆಯೇ ಎಂದು ನೋಡಿ.

ಮುರಿದ, ಸವೆದ ಮಾಲನ್ನು ಗುಜರಿಗೆ ಕೊಡುವಾಗಲೂ ವಿಂಗಡಣೆ ಬೇಕು. ಲೋಹ ಕತ್ತರಿಸುವ ಟಂಗ್‌ಸ್ಟನ್ ಕಾರ್ಬೈಡ್ ತುದಿಗಳು ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ, ಕೈಗೆತ್ತಿಕೊಂಡರೆ ತಿಳಿಯುತ್ತದೆ. ಅದರ ಗುಜರಿ ದರ ಸಾಮಾನ್ಯ ಕಬ್ಬಿಣದ್ದಕ್ಕಿಂತ ಬಹಳ ಮೇಲೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಎಂದು ಕೊರೆದ ಮುರುಕು ಡ್ರಿಲ್ಲುಗಳಲ್ಲೂ ಟಂಗ್‌ಸ್ಟನ್, ಮಾಲಿಬ್ಡಿನಂ ಇರುವುದರಿಂದ ಅವನ್ನೂ ಪ್ರತ್ಯೇಕ ಚೀಲದಲ್ಲಿ ತೂಗಿಸಬೇಕು.

ಬೆಲೆ ಕಟ್ಟುವಾಗ ಅದೇ ಕಂಪನಿಯ ಅದೇ ಅಳತೆಯ ಹೊಸ ಉಪಕರಣಕ್ಕೆ ಇಂದು ಎಷ್ಟಿದೆ ಎಂಬುದನ್ನು ಮೇಲಿನ ಮಿತಿಯಾಗಿ ಹಿಡಿಯಿರಿ. ಸರಿಯಾಗಿ ಅಳೆಯುವ, ಡಬ್ಬಿಯಿರುವ ಒಳ್ಳೆಯ ಹೆಸರಿನ ಮಾಲಿಗೆ ಅದರ ಅರ್ಧದವರೆಗೆ ಕೇಳುವುದು ನ್ಯಾಯ ಎಂಬುದು ನನ್ನ ಲೆಕ್ಕ. ಡಬ್ಬಿಯಿಲ್ಲದ, ಪರೀಕ್ಷೆ ಮಾಡದ ಮಾಲಿಗೆ ಕಾಲು ಭಾಗ ಸಿಕ್ಕಿದರೂ ಒಪ್ಪಬಹುದು. ಆನ್‌ಲೈನ್‌ನಲ್ಲಿ ಜನ ಕೇಳುವ ಬೆಲೆ ಆಸೆಯನ್ನಷ್ಟೇ ತೋರಿಸುತ್ತದೆ, ನಿಜವಾಗಿ ಮಾರಾಟವಾದ ಬೆಲೆಯನ್ನು ಹುಡುಕಿ ನೋಡಬೇಕು. ದುಬಾರಿ ಸ್ಲಿಪ್ ಗೇಜ್ ಸೆಟ್ಟಿಗೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದಲ್ಲಿ ಕ್ಯಾಲಿಬ್ರೇಷನ್ (ಅಳತೆಯ ನಿಖರತೆಯ ತಪಾಸಣೆ) ಮಾಡಿಸುವುದು ಸಾರ್ಥಕ, ಒಂಟಿ ವರ್ನಿಯರಿಗೆ ಅಷ್ಟು ಖರ್ಚು ಗಿಟ್ಟುವುದಿಲ್ಲ.

ಕೊಳ್ಳುವವರನ್ನು ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ಕೈಗಾರಿಕಾ ಪ್ರದೇಶಗಳ ಲೇತ್ ವರ್ಕ್‌ಶಾಪುಗಳಲ್ಲಿ ವಿಚಾರಿಸಿ. ದೊಡ್ಡ ಮೈಕ್ರೋಮೀಟರ್, ರಂಧ್ರದ ಒಳಗಿನ ವ್ಯಾಸ ಅಳೆಯುವ ಬೋರ್ ಗೇಜುಗಳು ಮಲ್ಪೆ ಮತ್ತು ಮಂಗಳೂರು ಬಂದರಿನ ಬೋಟ್ ಎಂಜಿನ್ ರಿಪೇರಿಯವರಿಗೆ ಉಪಯೋಗಕ್ಕೆ ಬರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು ಆಗಲೇ ಎಂಜಿನ್ನುಗಳನ್ನು ಬಿಚ್ಚುವುದರಿಂದ, ಮೇ ತಿಂಗಳಲ್ಲೇ ಅವರನ್ನು ಕಾಣುವುದು ಒಳ್ಳೆಯದು. ದೂರದ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಪಾರ್ಸೆಲ್ ಕಳುಹಿಸುವುದಾದರೆ ಮೈಕ್ರೋಮೀಟರಿನ ಮುಖಗಳನ್ನು ಬಿಗಿಯಾಗಿ ಮುಚ್ಚದೆ ಕೂದಲೆಳೆಯಷ್ಟು ತೆರೆದಿಟ್ಟು, ಲಾಕನ್ನು ಸಡಿಲಿಸಿ, ಎಣ್ಣೆ ಕಾಗದದಲ್ಲಿ ಸುತ್ತಿ, ಅಂಕಿಗಳು ಸ್ಪಷ್ಟವಾಗಿ ಕಾಣುವ ಫೋಟೋಗಳನ್ನು ನಿಮ್ಮಲ್ಲಿ ಉಳಿಸಿಕೊಂಡು ಕಳುಹಿಸಿ.