ದೋಸೆಯ ಅಂಗಡಿ ಹಿಟ್ಟಿನ ಅಂಗಡಿಯಾದದ್ದು

2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ದೇಶವಿಡೀ ಲಾಕ್‌ಡೌನ್ ಎಂದು ಪ್ರಧಾನಿ ಘೋಷಿಸಿದಾಗ ನಮ್ಮ ಅಡುಗೆಮನೆಯಲ್ಲಿ ಒಬ್ಬಟ್ಟಿನ ಹೂರಣ ಬೆಂದು ತಣಿಯುತ್ತಿತ್ತು. ಮರುದಿನ ಯುಗಾದಿ. ಮುನ್ನೂರು ಒಬ್ಬಟ್ಟಿಗೆ ಮುಂಗಡ ಹಣ ಬಂದಿತ್ತು. ಆ ಹಣವನ್ನೆಲ್ಲ ವಾಪಸು ಕೊಟ್ಟು, ಹೂರಣವನ್ನು ಕೆಲಸದವರಿಗೂ ಅಕ್ಕಪಕ್ಕದ ಮನೆಗಳಿಗೂ ಹಂಚಿದೆವು. ಬೆಂಗಳೂರಿನಲ್ಲಿ ಅಪ್ಪಯ್ಯ ಕಟ್ಟಿದ ಈ ಸಣ್ಣ ಉಡುಪಿ ಹೋಟೆಲಿನಲ್ಲಿ ಯುಗಾದಿಯ ದಿನ ಒಲೆ ಹಚ್ಚದಿದ್ದದ್ದು ಅದೇ ಮೊದಲು.

ಆ ವಾರ ನಾನು ಮಾಡಿದ ಒಂದೇ ಉಪಯುಕ್ತ ಕೆಲಸವೆಂದರೆ ಲೆಕ್ಕ ಬರೆದದ್ದು. ಬಾಗಿಲು ಹಾಕಿದ್ದರೂ ತಿಂಗಳಿಗೆ ಹೋಗುವ ಹಣ: ಬಾಡಿಗೆ 80,000, ಹದಿನೆಂಟು ಜನರ ಊಟ, ವಸತಿ ಮತ್ತು ಅರ್ಧ ಸಂಬಳಕ್ಕೆ 1,20,000, ಸಾಲದ ಕಂತು 35,000, ವಿದ್ಯುತ್ತು ಮತ್ತಿತರ ಖರ್ಚು 5,000. ದಿನಕ್ಕೆ ಎಂಟು ಸಾವಿರ ರೂಪಾಯಿ. ಕೈಯಲ್ಲಿದ್ದದ್ದು ಐದು ಲಕ್ಷ. ಅಂದರೆ ಎರಡು ತಿಂಗಳು. ಈ ಸಂಖ್ಯೆ ಕಣ್ಣೆದುರಿಗೆ ಬಂದ ಮೇಲೆ ಭಯ ಕಡಿಮೆಯಾಗಲಿಲ್ಲ, ಆದರೆ ಮೊದಲು ಯಾರ ಹತ್ತಿರ ಮಾತನಾಡಬೇಕು ಎಂಬುದು ತಿಳಿಯಿತು. ಕಟ್ಟಡದ ಮಾಲೀಕರಿಗೆ ಅದೇ ಪುಸ್ತಕ ತೋರಿಸಿದೆ. ಬಾಡಿಗೆ ಮನ್ನಾ ಮಾಡಿ ಎಂದು ಕೇಳಲಿಲ್ಲ. ಊಟದ ಸಭಾಂಗಣ ತೆರೆಯುವವರೆಗೆ ವ್ಯಾಪಾರದ ಶೇಕಡಾ ಹದಿನೈದು ಕೊಡುತ್ತೇನೆ, ದಿನದ ಲೆಕ್ಕ ನೀವೇ ನೋಡಬಹುದು ಎಂದೆ. ಎರಡು ದಿನ ಯೋಚಿಸಿ ಒಪ್ಪಿದರು.

ಪಾರ್ಸೆಲ್‌ಗೆ ಅನುಮತಿ ಇತ್ತು. ಆದರೆ ಮಸಾಲೆ ದೋಸೆ ಪಾರ್ಸೆಲ್‌ಗೆ ಹುಟ್ಟಿದ ತಿಂಡಿಯಲ್ಲ. ಕಾವಲಿಯಿಂದ ಎದ್ದ ದೋಸೆ ಡಬ್ಬಿಯೊಳಗೆ ಇಪ್ಪತ್ತು ನಿಮಿಷ ಕುಳಿತರೆ ತನ್ನದೇ ಹಬೆಗೆ ಬೆವರಿ ಒದ್ದೆ ಬಟ್ಟೆಯಂತಾಗುತ್ತದೆ. ಮೊಬೈಲ್ ಆ್ಯಪ್‌ಗಳ ಮೂಲಕ ಕಳುಹಿಸಿದರೆ ಹಣದ ಲೆಕ್ಕವೂ ಹಾಗೆಯೇ. ನಮ್ಮ ಒಪ್ಪಂದದಲ್ಲಿ ಕಮಿಷನ್ ಶೇಕಡಾ 25, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಆಗ ನಮ್ಮಂಥ ಹೋಟೆಲುಗಳು ಗ್ರಾಹಕರಿಂದ ಶೇಕಡಾ 5 ತೆರಿಗೆ ಪಡೆಯುತ್ತಿದ್ದವು, ಆದರೆ ತಾವು ಕಟ್ಟಿದ ತೆರಿಗೆಯನ್ನು ಅದರಿಂದ ಕಡಿತ ಮಾಡಿಕೊಳ್ಳುವಂತಿರಲಿಲ್ಲ. ಹಾಗಾಗಿ ನೂರು ರೂಪಾಯಿ ಬಿಲ್ಲಿನಲ್ಲಿ ಇಪ್ಪತ್ತೊಂಬತ್ತೂವರೆ ಅಲ್ಲೇ ಹೋಯಿತು, ಡಬ್ಬಿಗೆ ಇನ್ನೂ ಆರು ರೂಪಾಯಿ. ವ್ಯಾಪಾರ ಹೆಚ್ಚಿದಷ್ಟೂ ನಷ್ಟ ಹೆಚ್ಚುವ ದಾರಿ ಅದು. ಎರಡೇ ವಾರಕ್ಕೆ ಆ್ಯಪ್‌ನಿಂದ ದೋಸೆಗಳನ್ನೆಲ್ಲ ತೆಗೆದು, ಇಡ್ಲಿ, ಪೊಂಗಲ್, ಬಿಸಿಬೇಳೆಬಾತ್ ಮಾತ್ರ ಉಳಿಸಿದೆ.

ದಾರಿ ತೋರಿಸಿದವರು ಅಡುಗೆಯ ಭಟ್ಟರು. ನನ್ನನ್ನು ಚಿಕ್ಕಂದಿನಿಂದ ಬಲ್ಲವರು. "ಮಾಣಿ, ಜನ ಮನೆಯಲ್ಲೇ ಇದ್ದಾರೆ, ಎಲ್ಲರ ಮನೆಯಲ್ಲೂ ಕಾವಲಿ ಇದೆ. ಇಲ್ಲದಿರುವುದು ನಮ್ಮ ಗ್ರೈಂಡರ್. ಹಿಟ್ಟು ಕೊಡುವ" ಎಂದರು.

ಮಾತು ಸುಲಭವಾಗಿತ್ತು, ಕೆಲಸ ಹಾಗಿರಲಿಲ್ಲ. ಮೊದಲ ದಿನ ಉಬ್ಬಿದ ಹಿಟ್ಟನ್ನೇ ಪ್ಯಾಕೆಟ್ಟಿಗೆ ತುಂಬಿದೆವು. ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದೊಳಗೆ ಅರ್ಧದಷ್ಟು ಪ್ಯಾಕೆಟ್ ಒಡೆದವು, ಉಳಿದದ್ದು ಹುಳಿಯಾಯಿತು. ಮೂವತ್ತು ಮನೆಗಳಿಗೆ ಹಣ ಹಿಂದಿರುಗಿಸಿದೆ. ಆಮೇಲೆ ಭಟ್ಟರು ರುಬ್ಬುವಾಗ ಐಸ್ ನೀರು ಹಾಕತೊಡಗಿದರು. ಕಲ್ಲು ಬಿಸಿಯಾದರೆ ಹಿಟ್ಟು ಅಲ್ಲಿಯೇ ಹುದುಗಲು ಶುರುವಾಗುತ್ತದೆ. ಉಪ್ಪು ಹಾಕದೆ, ಹುದುಗು ಬರಲು ಬಿಡದೆ, ಬೆಳಗಿನ ನಾಲ್ಕಕ್ಕೆ ರುಬ್ಬಿ ನೇರವಾಗಿ ಫ್ರಿಜ್‌ಗೆ ಇಟ್ಟೆವು. ಪ್ಯಾಕೆಟ್ಟಿನಲ್ಲಿ ಮೂರನೇ ಒಂದು ಭಾಗ ಖಾಲಿ ಬಿಟ್ಟೆವು. ಸಂಜೆ ಹೊರಗಿಡಿ, ರಾತ್ರಿ ಉಪ್ಪು ಬೆರೆಸಿ, ಬೆಳಿಗ್ಗೆ ಹುಯ್ಯಿರಿ ಎಂದು ಚೀಟಿ ಅಂಟಿಸಿದೆವು. ಕಿಲೋಗೆ ಅಕ್ಕಿ, ಉದ್ದು, ಪ್ಯಾಕೆಟ್ ಸೇರಿ ಸುಮಾರು ಇಪ್ಪತ್ತೈದು ರೂಪಾಯಿ, ಮಾರಿದ್ದು ಅರವತ್ತಕ್ಕೆ. ಗ್ಯಾಸ್ ಸಿಲಿಂಡರಿನ ಖರ್ಚೇ ಇಲ್ಲ. ಮೇ ಕೊನೆಗೆ ದಿನಕ್ಕೆ ನೂರಿಪ್ಪತ್ತು ಕಿಲೋ ಹೋಗುತ್ತಿತ್ತು. ಎಂಟು ಸಾವಿರದ ಅರ್ಧ ಅದರಲ್ಲೇ ಬಂತು. ಆಲೂಗಡ್ಡೆ ಪಲ್ಯ, ಚಟ್ನಿಪುಡಿ, ಗಟ್ಟಿ ಡಿಕಾಕ್ಷನ್ ಬಾಟಲಿ ಅದರ ಹಿಂದೆಯೇ ಸೇರಿಕೊಂಡವು.

ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಯ ಅಭಾವವಾದಾಗ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿದರಂತೆ, ತುರ್ತುಪರಿಸ್ಥಿತಿಯಲ್ಲಿ ಹೋಟೆಲು ಮುಚ್ಚಿದಾಗ ತಿಂಡಿಯ ಮಿಶ್ರಣದ ಪುಡಿಗಳನ್ನು ಮಾರಿದರಂತೆ ಎಂದು ಅಪ್ಪಯ್ಯ ಗಲ್ಲಾದ ಮೇಲೆ ಕುಳಿತು ಹೇಳುತ್ತಿದ್ದರು. ಪ್ಯಾಕೆಟ್ಟುಗಳನ್ನು ಎಣಿಸುವಾಗ ಎಷ್ಟೋ ಬಾರಿ ಅದು ನೆನಪಾಯಿತು.

ಜೂನ್ 8ರಿಂದ ಕುಳಿತು ತಿನ್ನಲು ಅವಕಾಶ ಸಿಕ್ಕಿತು, ಅದೂ ಅರ್ಧ ಆಸನಗಳಿಗೆ. ನಾನು ಪೂರ್ತಿ ಅಡುಗೆಮನೆ ತೆರೆಯಲಿಲ್ಲ. ಅರವತ್ತನಾಲ್ಕು ತಿಂಡಿಗಳ ಪಟ್ಟಿಯನ್ನು ಹನ್ನೊಂದಕ್ಕೆ ಇಳಿಸಿದೆ. ಒಂದು ಸಾಮಾನಿನಿಂದ ಕನಿಷ್ಠ ಎರಡು ತಿಂಡಿಯಾಗಬೇಕು, ಇಲ್ಲವಾದರೆ ಅದು ಬೇಡ ಎಂಬುದೊಂದೇ ನಿಯಮ. ಇಡ್ಲಿ, ದೋಸೆ, ಪಡ್ಡು ಒಂದೇ ಹಿಟ್ಟಿನ ಮಕ್ಕಳು, ಹಾಗಾಗಿ ಉಳಿದುಕೊಂಡವು. ಉತ್ತರ ಭಾರತದ ಅಡುಗೆಯ ವಿಭಾಗ ಹೋಯಿತು. ಸಭಾಂಗಣದ ಅರ್ಧಕ್ಕೆ ಗೋಡೆ ಹಾಕಿ ಗ್ರೈಂಡರುಗಳನ್ನು ಅಲ್ಲಿಗೆ ತಂದೆ. 2021ರ ಏಪ್ರಿಲ್ 27ರಿಂದ ರಾಜ್ಯದಲ್ಲಿ ಮತ್ತೆ ಕರ್ಫ್ಯೂ ಬಂದಾಗ ಬೆಳಗಿನ ಹೊತ್ತಿನ ವ್ಯಾಪಾರಕ್ಕೆ ನಾವು ಮೊದಲ ದಿನದಿಂದಲೇ ಸಿದ್ಧರಿದ್ದೆವು.

ತಪ್ಪಿದ್ದು ಸಂಬಳದ ವಿಷಯದಲ್ಲಿ. ಅರ್ಧ ಸಂಬಳ ಎಂದು ಯಾರನ್ನೂ ಕೇಳದೆ ನಾನೇ ಬರೆದುಬಿಟ್ಟಿದ್ದೆ. ಮಾಲೀಕರಿಗೆ ತೋರಿಸಿದ ಪುಸ್ತಕವನ್ನು ಹುಡುಗರಿಗೆ ತೋರಿಸಲಿಲ್ಲ. 2020ರ ಮೇ ಮೊದಲ ವಾರ ಊರಿಗೆ ಬಸ್ ಬಿಟ್ಟಾಗ ಒಂಬತ್ತು ಜನ ಹೊರಟರು, ನಾಲ್ವರು ಮರಳಲಿಲ್ಲ. ಕಾಫಿ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ನಿಂತಿದ್ದವರೂ ಅವರಲ್ಲಿ ಒಬ್ಬರು. ಉಳಿಸಿಕೊಂಡಿದ್ದ ಅರ್ಧ ಸಂಬಳದ ಬಾಕಿಯನ್ನು 2022ರಲ್ಲಿ ನಾಲ್ವರ ಖಾತೆಗೂ ಹಾಕಿದೆ. ಕಾಫಿಯವರು ಫೋನ್ ಮಾಡಿ, ಹಣ ಬಂತು ಎಂದರು. ಕುಂದಾಪುರದ ಹತ್ತಿರ ಸ್ವಂತ ಕ್ಯಾಂಟೀನ್ ಇಟ್ಟಿದ್ದಾರೆ. ಡಿಕಾಕ್ಷನ್‌ಗೆ ಈಗ ಯಾವ ಪುಡಿ ತರಿಸುತ್ತಿದ್ದೀರಿ ಎಂದು ಕೇಳಿದರು, ಹೇಳಿದೆ.