ರಬ್ಬರ್ ಬ್ಯಾಂಡ್ ಕಟ್ಟಿದ ಮೇಲೆ ಆ ಪತ್ರಗಳು ಅರ್ಥವಾದವು

ನಾನು ಕಟ್ಟಿದ ಗಾಲಿ-ರಬ್ಬರ್ ಬ್ಯಾಂಡಿನ ಈಥರ್ ಮಾಡೆಲ್‌ನಲ್ಲಿ ಕೊನೆಗೂ ಅಲೆ ಓಡಿತು! ಈಥರ್ ಅಂದರೆ ಬೆಳಕಿನ ಅಲೆಗಳನ್ನು ಹೊರುತ್ತದೆ ಅಂತ ಹಿಂದೆ ನಂಬಿದ್ದ, ಕಣ್ಣಿಗೆ ಕಾಣದ ಮಾಧ್ಯಮ. ಈಥರ್ ಅನ್ನೋದನ್ನೇ ಕೈಬಿಟ್ಟು ನೂರು ವರ್ಷವಾಯ್ತು, ಅದರ ಮಾಡೆಲ್ ಕಟ್ಟಿ ಏನು ಮಾಡ್ತೀಯ ಅಂತಿದ್ದ ಗೆಳೆಯರೇ ಈಗ ಬಂದು ಗಾಲಿ ತಿರುಗಿಸಿ ನೋಡುತ್ತಿದ್ದಾರೆ.

ಭೌತವಿಜ್ಞಾನಿಗಳಾದ ಡಬ್ಲಿನ್‌ನ ಫಿಟ್ಜ್‌ಜೆರಾಲ್ಡ್, ಲಿವರ್‌ಪೂಲ್‌ನ ಆಲಿವರ್ ಲಾಡ್ಜ್ ಈಥರ್ ಬಗ್ಗೆ ಬರೆದುಕೊಂಡ ಪತ್ರಗಳನ್ನು ಓದಲು ಕೂತಾಗೆಲ್ಲ ಸಿಕ್ಕಿಹಾಕಿಕೊಳ್ಳುತ್ತಿದ್ದೆ. ವಿದ್ಯುತ್-ಕಾಂತತ್ವದ ಸಮೀಕರಣ ನನಗೆ ಗೊತ್ತಿತ್ತು, ಅವರ ತಲೆಯಲ್ಲಿ ಓಡುತ್ತಿದ್ದ ಯಂತ್ರ ಗೊತ್ತಿರಲಿಲ್ಲ. ಫಿಟ್ಜ್‌ಜೆರಾಲ್ಡ್ 1885ರಲ್ಲಿ ಮಹಾಗನಿ ಹಲಗೆ ಮೇಲೆ ಹಿತ್ತಾಳೆ ಗಾಲಿಗಳನ್ನು ನಿಲ್ಲಿಸಿ, ಅಕ್ಕಪಕ್ಕದವಕ್ಕೆ ರಬ್ಬರ್ ಬ್ಯಾಂಡ್ ಹಾಕಿ ತೋರಿಸಿದ್ದರು. ಅದನ್ನೇ ಕಟ್ಟಿ ನೋಡೋಣ ಅಂತ ಹಠ ಹಿಡಿದೆ.

ಮೊದಲನೆಯದು ಪೂರ್ತಿ ಹಾಳು. ದಾರದ ಖಾಲಿ ರೀಲು, ಮೊಳೆ, ಪ್ಲೈವುಡ್. ಒಂದು ರೀಲು ತಿರುಗಿಸಿದರೆ ಪಕ್ಕದ್ದು ಅಲುಗುತ್ತಿತ್ತು, ಅಲ್ಲಿಗೇ ಮುಗೀತು. ಮೊಳೆ ಉಜ್ಜಿಯೇ ಎಲ್ಲ ಶಕ್ತಿ ತಿನ್ನುತ್ತಿತ್ತು. ಎರಡನೇ ಸಲ ಲೇತ್‌ನಲ್ಲಿ ನೈಲಾನ್ ಗಾಲಿ ಮಾಡಿಸಿದೆ. ಬ್ಯಾಂಡ್ ಕೂರುವ ಗ್ರೂವ್ ಒಂದೊಂದರಲ್ಲೂ ಒಂದೊಂದು ಆಳ. ಮೂರು ಸಾವಿರದಷ್ಟು ದುಡ್ಡು ನೀರಿಗೆ ಹೋಯ್ತು. ಮೂರನೆಯದರಲ್ಲಿ 36 ಗಾಲಿ, 12ರಂತೆ ಮೂರು ಸಾಲು. ಒಳಗೆ ಸ್ಕೇಟಿಂಗ್ ಬೇರಿಂಗ್, ಅದರ ಗ್ರೀಸ್ ಪೂರ್ತಿ ತೊಳೆದು ಹಾಕಿದ್ದು. ಇದಕ್ಕೇ ಒಂಬತ್ತು ಸಾವಿರದ ಹತ್ತಿರ ಖರ್ಚಾಗಿರಬೇಕು. ಬ್ಯಾಂಡ್ ಜಾರದಂತೆ ಗ್ರೂವ್‌ಗೆ ಏನು ಹಚ್ಚಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಎಲ್ಲ ಗಾಲಿ ಒಂದೇ ವೇಗದಲ್ಲಿ ತಿರುಗುವಾಗ ಬ್ಯಾಂಡಿನ ಎರಡೂ ಬದಿ ಒಂದೇ ಬಿಗಿ. ತುದಿಯ ಗಾಲಿಯನ್ನು ಸರಕ್ಕನೆ ತಿರುಗಿಸಿ ಬ್ಯಾಂಡಿಗೆ ಬೆರಳು ಇಡಿ. ಒಂದು ಬದಿ ತಂತಿಯಂತೆ ಸೆಟೆದಿರುತ್ತದೆ, ಇನ್ನೊಂದು ಬದಿ ಸಡಿಲ. ಈ ಮಾಡೆಲ್‌ನಲ್ಲಿ ತಿರುಗಾಟ ಅಂದರೆ ಕಾಂತತ್ವ, ಈ ಬಿಗಿ-ಸಡಿಲದ ವ್ಯತ್ಯಾಸ ಅಂದರೆ ವಿದ್ಯುತ್ ಸ್ಥಾನಪಲ್ಲಟ, ಅಂದರೆ ವಿದ್ಯುತ್ತಿನಿಂದ ಈಥರಿನಲ್ಲಿ ಆಗುವ ಎಳೆತ. ಶಕ್ತಿ ಗಾಲಿಯಿಂದ ಗಾಲಿಗೆ ದಾಟುವುದು ಬಿಗಿದ ಬದಿಯಲ್ಲೇ. ವಿದ್ಯುತ್ ಶಕ್ತಿ ಹರಿಯುವುದು ತಂತಿಯೊಳಗಲ್ಲ, ಸುತ್ತಲಿನ ಜಾಗದಲ್ಲಿ ಅಂತ ಭೌತವಿಜ್ಞಾನಿ ಪಾಯಿಂಟಿಂಗ್ 1884ರಲ್ಲಿ ಹೇಳಿದ್ದು ಬೆರಳಿಗೇ ತಾಗಿತು! ಒಂದು ಜಾಗದಲ್ಲಿ ಬ್ಯಾಂಡ್ ತೆಗೆದರೆ ಅದು ವಾಹಕ, ಲೋಹದ ಹಾಗೆ. ಅಲೆ ಅಲ್ಲಿಗೆ ಬಂದು ಹಿಂದಕ್ಕೆ ಹೋಗುತ್ತದೆ. ಬ್ಯಾಂಡನ್ನು ಸುಮ್ನೆ ಸಡಿಲ ಬಿಟ್ಟು ಜಾರಗೊಟ್ಟರೆ ವಿದ್ಯುತ್ ರೋಧ.

ಈಥರ್ ನಿಜಕ್ಕೂ ಗಾಲಿಗಳಿಂದ ಆಗಿದೆ ಅಂತ ಫಿಟ್ಜ್‌ಜೆರಾಲ್ಡ್ ಹೇಳಲಿಲ್ಲ. ಅವರಿಗೆ ಇದು ಹೋಲಿಕೆ ಮಾತ್ರ. ನಗುವವರು ಇದನ್ನು ಮರೆಯುತ್ತಾರೆ ಅಲ್ವಾ?

ಮಧ್ಯೆ ಇನ್ನೊಂದು ಮಾಡಿದೆ. ಅರ್ಧ ಗಾಲಿಗಳಿಗೆ ಕಬ್ಬಿಣದ ವಾಷರ್ ಅಂಟಿಸಿ ಭಾರ ಮಾಡಿದೆ. ಆ ಭಾಗಕ್ಕೆ ಬಂದ ಕೂಡಲೇ ಅಲೆ ನಿಧಾನವಾಯ್ತು, ಸ್ವಲ್ಪ ಭಾಗ ಗಡಿಯಲ್ಲೇ ತಿರುಗಿ ಬಂತು. ಮುಂದಿನ ವಾರ ವಾಷರ್ ತೆಗೆದು, ಆ ಅರ್ಧಕ್ಕೆ ಇನ್ನೂ ತೆಳು ಬ್ಯಾಂಡ್ ಹಾಕಿ ನೋಡಬೇಕು.