ಸಾಗರದ ಮನೆಯ ನ್ಯಾಸ್‌ಗೆ ಬೆಂಗಳೂರಿನಿಂದ ದಾರಿ: ಎರಡನೇ ರೂಟರ್ ಕೊನೆಗೂ ಕೆಲಸ ಮಾಡಿದ ಬಗೆ

ಅಪ್ಪ ಮೂವತ್ತು ವರ್ಷ ತಾಳಮದ್ದಳೆ ಕೂಟಗಳಿಗೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ತುಂಬಿಸಿ ತಂದ ಕ್ಯಾಸೆಟ್‌ಗಳು ಸುಮಾರು ಮುನ್ನೂರು. ಅವೆಲ್ಲವೂ ಈಗ ಸಾಗರದ ಮನೆಯ ನ್ಯಾಸ್‌ನಲ್ಲಿ, ಅಂದರೆ ಮನೆಯ ಜಾಲಕ್ಕೆ ಸೇರಿಸಿದ ಕಡತ ಸಂಗ್ರಹದ ಯಂತ್ರದಲ್ಲಿ ಇವೆ. ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ ವೇವ್ ಕಡತವಾದಾಗ 900 ಎಂಬಿ ಮೀರುತ್ತದೆ. ಒಟ್ಟು 280 ಜಿಬಿಯ ಆಸುಪಾಸು. ನಾನಿರುವುದು ಬೆಂಗಳೂರಿನಲ್ಲಿ. ರಾತ್ರಿ ಊಟವಾದ ಮೇಲೆ ಒಂದೊಂದೇ ಕಡತ ತೆಗೆದು ಗರಗರ ಸದ್ದು ಕಳೆದು, ಪ್ರಸಂಗದ ಹೆಸರು ಬರೆದು, ಮರಳಿ ಅಲ್ಲೇ ಇಡಬೇಕು. ಇಷ್ಟೇ ನನ್ನ ಬೇಡಿಕೆ. ಇದು ಈಡೇರಲು ಮೂರು ವರ್ಷ ಹಿಡಿಯಿತು.

ಮನೆಯ ಜೋಡಣೆ ಹೀಗಿದೆ. ಇಂಟರ್ನೆಟ್ ಕಂಪನಿ ಕೊಟ್ಟ ಫೈಬರ್ ಪೆಟ್ಟಿಗೆಯೇ ಮೊದಲ ರೂಟರ್. ಅದರ ಒಳಗೆ ಹೆಚ್ಚು ಕೈಯಾಡಿಸಲು ಬಿಡುವುದಿಲ್ಲ, ಬ್ರಿಡ್ಜ್ ಮಾಡಿಕೊಡಿ (ರೂಟರ್ ಕೆಲಸ ಬಿಟ್ಟು ಬರೀ ತಂತಿಯಂತೆ ಹಾಯಿಸಲಿ) ಎಂದರೆ ಒಪ್ಪಲಿಲ್ಲ. ಅದರ ಹಿಂದೆ ನನ್ನ ಹಳೆಯ ಆರ್ಚರ್ ಸಿ7 ರೂಟರ್, ರೂಟರ್‌ಗಳ ಮುಕ್ತ ತಂತ್ರಾಂಶ ಓಪನ್‌ವರ್ಟ್ ಹಾಕಿದ್ದು, ಸೆಕೆಂಡ್ ಹ್ಯಾಂಡ್‌ನಲ್ಲಿ 1,800 ರೂಪಾಯಿಗೆ ಸಿಕ್ಕಿತ್ತು. ನ್ಯಾಸ್ ಇರುವುದು ಈ ಎರಡನೆಯದರ ಹಿಂದೆ. ನ್ಯಾಸ್ ಮತ್ತು ಎರಡು 4 ಟಿಬಿ ಡಿಸ್ಕ್‌ಗಳಿಗೆ ಆಗ 38 ಸಾವಿರದ ಹತ್ತಿರ ಕೊಟ್ಟ ನೆನಪು.

ನಮ್ಮ ಭಾವ ನೆಟ್‌ವರ್ಕ್ ಕೆಲಸದಲ್ಲೇ ಇರುವವರು. "ಎರಡು ರೂಟರ್ ದಾಟಿ ಒಳಗೆ ಹೋಗುವುದು ಆಗುವ ಕೆಲಸವಲ್ಲ ಮಾರಾಯ, ಸುಮ್ಮನೆ ಸ್ಟ್ಯಾಟಿಕ್ ಐಪಿ ತೆಗೆದುಕೋ" ಎಂದರು. ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ ಬೇಕಾದರೆ ವ್ಯಾಪಾರಿ ಪ್ಲಾನ್‌ಗೆ ಬದಲಾಗಬೇಕಿತ್ತು, ತಿಂಗಳಿಗೆ ಏಳುನೂರು ರೂಪಾಯಿ ಹೆಚ್ಚು. ನನಗೆ ಮನಸ್ಸಾಗಲಿಲ್ಲ.

ಮೊದಲ ವರ್ಷ ಎರಡೂ ರೂಟರ್‌ಗಳಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ (ಹೊರಗಿನ ಕರೆಯನ್ನು ಒಳಗೆ ದಾಟಿಸುವುದು), ಬದಲಾಗುವ ವಿಳಾಸಕ್ಕೆ ಹೆಸರು ಅಂಟಿಸುವ ಡೈನಾಮಿಕ್ ಡಿಎನ್‌ಎಸ್ ಹಾಕಿ, ಓಪನ್‌ವಿಪಿಎನ್ ಎಂಬ ಗುಪ್ತ ಸುರಂಗದ ಮೂಲಕ ಬಂದೆ. ಆ ಚಿಕ್ಕ ಪ್ರೊಸೆಸರ್‌ನಲ್ಲಿ ವೇಗ ಸೆಕೆಂಡಿಗೆ ಎರಡು ಎಂಬಿ ದಾಟಲೇ ಇಲ್ಲ. ಆದರೂ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಎಲ್ಲವೂ ಕತ್ತಲು. ಅಪ್ಪನಿಗೆ ಫೋನ್ ಮಾಡಿ, "ಅಪ್ಪ, ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿದೆಯಾ?" ಎಂದು ಕೇಳಿದೆ. "ಇಲ್ಲಪ್ಪ, ಎಲ್ಲ ಹಸಿರೇ ಇದೆ" ಎಂದರು. ಮುಂದಿನ ವಾರ ಊರಿಗೆ ಹೋಗಿ ನೋಡಿದರೆ ಮೊದಲ ರೂಟರ್‌ನ ಹೊರಗಿನ ವಿಳಾಸ 100ರಿಂದ ಶುರುವಾಗುತ್ತಿತ್ತು. 100.64ರಿಂದ 100.127ರವರೆಗಿನ ಸಾಲಿನದೇ. ಆ ವಿಳಾಸ ಕಂಡರೆ ಸಿಜಿನ್ಯಾಟ್ ಎಂದರ್ಥ: ಕಂಪನಿ ಹಲವು ಮನೆಗಳಿಗೆ ಒಂದೇ ಹೊರ ವಿಳಾಸ ಹಂಚುವ ವ್ಯವಸ್ಥೆ. ಎರಡು ರೂಟರ್ ಎಂದುಕೊಂಡಿದ್ದೆ, ಕಂಪನಿಯ ಕಡೆ ಮೂರನೆಯದೂ ಸೇರಿಕೊಂಡಿತ್ತು. ಇನ್ನು ಫಾರ್ವರ್ಡ್ ಮಾಡಿ ಫಲವಿಲ್ಲ.

ಇದು ಅರ್ಥವಾಗುವ ಮೊದಲೇ ಪೇಟೆಯ ತಂತ್ರಜ್ಞರೊಬ್ಬರಿಗೆ 1,500 ಕೊಟ್ಟಾಗಿತ್ತು. ಅವರ ಮಾತು ಕೇಳಿ 6,500ರ ಹೊಸ ರೂಟರ್ ಕೂಡ ಕೊಂಡಿದ್ದೆ. ಅದು ಇವತ್ತಿಗೂ ಅಟ್ಟದ ಮೇಲಿದೆ. ಆ ಎಂಟು ಸಾವಿರ ನೆನಪಾದಾಗ ಈಗಲೂ ಹೊಟ್ಟೆ ಉರಿಯುತ್ತದೆ.

ನಡುವೆ ಇಂಟರ್ನೆಟ್ ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6 ಹಿಡಿದು ಎರಡು ತಿಂಗಳು ಕಳೆದೆ (ಹಳೆಯದು ಐಪಿವಿ4). ಕಂಪನಿಯ ಪೆಟ್ಟಿಗೆ ಒಂದೇ ಒಂದು /64 (ಒಂದು ಜಾಲಕ್ಕಷ್ಟೇ ಆಗುವ ವಿಳಾಸಗಳ ಗುಂಪು) ಕೊಡುತ್ತದೆ, ಹಿಂದಿನ ರೂಟರ್‌ಗೆ ಪಾಲು ಹಂಚುವುದಿಲ್ಲ. ಅದನ್ನೇ ರಿಲೇ ಮೋಡ್‌ನಲ್ಲಿ ಎರಡನೇ ರೂಟರ್ ದಾಟಿಸಿ ಹಾಯಿಸಿದೆ. ಮೊಬೈಲ್‌ನಿಂದ ಸೊಗಸಾಗಿ ಬಂತು. ಆದರೆ ನನ್ನ ಕಚೇರಿಯ ವೈಫೈನಲ್ಲಿ ಐಪಿವಿ6 ಇಲ್ಲವೇ ಇಲ್ಲ, ಸಾಲದ್ದಕ್ಕೆ ಪೆಟ್ಟಿಗೆ ಮರುಚಾಲನೆಯಾದಾಗಲೆಲ್ಲ ವಿಳಾಸ ಬದಲು. ಕೈಬಿಟ್ಟೆ.

ಕೊನೆಗೆ ಹೊಳೆದದ್ದು ತೀರ ಸರಳ. ಹೊರಗಿನಿಂದ ಒಳಗೆ ಬರಲು ಬಾಗಿಲಿಲ್ಲದಿದ್ದರೆ ಒಳಗಿನವನೇ ಹೊರಗೆ ಬಂದು ನಿಲ್ಲಲಿ. ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ ತಿಂಗಳಿಗೆ 420 ರೂಪಾಯಿಯ ಚಿಕ್ಕ ಬಾಡಿಗೆ ಸರ್ವರ್ ಹಿಡಿದೆ. ಎರಡನೇ ರೂಟರ್ ತಾನಾಗಿ ಅದಕ್ಕೆ ವೈರ್‌ಗಾರ್ಡ್ ಎಂಬ ವಿಪಿಎನ್‌ನ ಟನಲ್ (ಸುರಂಗ) ಕಟ್ಟುತ್ತದೆ. ಪ್ರತಿ 25 ಸೆಕೆಂಡಿಗೊಂದು ಕೀಪ್‌ಅಲೈವ್ (ಇದ್ದೇನೆ ಎನ್ನುವ ಪುಟ್ಟ ಸಂದೇಶ) ಹೋಗುವುದರಿಂದ ನಡುವಿನ ನ್ಯಾಟ್‌ಗಳು, ಅಂದರೆ ವಿಳಾಸ ಬದಲಿಸಿ ದಾಟಿಸುವ ರೂಟರ್‌ಗಳು, ದಾರಿ ಮುಚ್ಚುವುದಿಲ್ಲ. ನನ್ನ ಲ್ಯಾಪ್‌ಟಾಪ್ ಅದೇ ಸರ್ವರ್‌ಗೆ ಬರುತ್ತದೆ, ಅಲ್ಲಿಂದ ಮನೆಗೆ. ಇದೇ ಕೆಲಸವನ್ನು ಸಿದ್ಧವಾಗಿ ಮಾಡಿಕೊಡುವ ಟೇಲ್‌ಸ್ಕೇಲ್ ಸೇವೆ ಏಕೆ ಬೇಡ ಎಂದು ಕೇಳುವವರಿದ್ದಾರೆ. ಒಳ್ಳೆಯದೇ, ಲ್ಯಾಪ್‌ಟಾಪ್‌ಗಳ ನಡುವೆ ನಾನೂ ಬಳಸುತ್ತೇನೆ. ಆದರೆ 16 ಎಂಬಿ ಫ್ಲ್ಯಾಶ್‌ನ ಹಳೆಯ ರೂಟರ್‌ಗೆ ಅದು ಭಾರ. ವೈರ್‌ಗಾರ್ಡ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಒಳಗೇ ಇರುವುದರಿಂದ ಹಗುರ.

ಹ್ಯಾಂಡ್‌ಶೇಕ್ (ಟನಲ್‌ನ ಎರಡು ತುದಿಗಳ ಮೊದಲ ಪರಿಚಯ) ಅರ್ಧ ಗಂಟೆಯಲ್ಲಿ ಬಂತು, ಕಡತ ಬರಲು ಹನ್ನೆರಡು ದಿನ. ಮೊದಲ ತಪ್ಪು ನನ್ನದೇ: ಫೈರ್‌ವಾಲ್‌ನಲ್ಲಿ ಟನಲ್‌ನಿಂದ ಲ್ಯಾನ್‌ಗೆ, ಅಂದರೆ ಮನೆಯೊಳಗಿನ ಜಾಲಕ್ಕೆ, ದಾಟಲು ಅನುಮತಿ ಕೊಟ್ಟಿರಲಿಲ್ಲ. ಎರಡನೆಯದು ದಾವಣಗೆರೆಯ ಮಾವನ ಮನೆಯಲ್ಲಿ ಗೊತ್ತಾಯಿತು. ಮನೆಯೊಳಗಿನ ವಿಳಾಸಗಳ ಸಾಲು ಅಲ್ಲಿಯೂ 192.168.1, ನಮ್ಮಲ್ಲಿಯೂ 192.168.1. ಲ್ಯಾಪ್‌ಟಾಪ್ ನನ್ನ ನ್ಯಾಸ್ ಅನ್ನು ಮಾವನ ಮನೆಯೊಳಗೇ ಹುಡುಕುತ್ತಿತ್ತು. ಅಂದೇ ನಮ್ಮ ಮನೆಯ ಸಾಲನ್ನು ಯಾರೂ ಇಟ್ಟುಕೊಳ್ಳದ ಸಂಖ್ಯೆಗೆ ಬದಲಿಸಿದೆ.

ಮೂರನೆಯದು ನನ್ನ ನಿದ್ದೆಗೆಡಿಸಿತು. ಕಚೇರಿಯ ವೈಫೈನಿಂದ ಎಲ್ಲ ಸರಿ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ಫೋಲ್ಡರ್ ತೆರೆಯುತ್ತದೆ, ಕಡತಗಳ ಹೆಸರೆಲ್ಲ ಕಾಣುತ್ತವೆ, ನಕಲು ಮಾಡಲು ಎಳೆದರೆ ಹಸಿರು ಪಟ್ಟಿ ಸೊನ್ನೆಯಲ್ಲೇ ನಿಂತುಬಿಡುತ್ತದೆ. ಚಿಕ್ಕ ಪಠ್ಯ ಕಡತ ಬರುತ್ತದೆ, ಆಡಿಯೋ ಬರುವುದಿಲ್ಲ. ಡಿಸ್ಕ್ ಕೆಟ್ಟಿತೇ ಎಂದು ಹೆದರಿದೆ. ಪ್ಯಾಕೆಟ್ (ಜಾಲದಲ್ಲಿ ಸಾಗುವ ದತ್ತಾಂಶದ ತುಂಡು) ಒಡೆಯಬಾರದು ಎಂಬ ಆಜ್ಞೆಯೊಂದಿಗೆ, ಪರೀಕ್ಷೆಗೆ ಕಳಿಸುವ ಪಿಂಗ್‌ನ ಗಾತ್ರವನ್ನು ಹತ್ತು ಹತ್ತೇ ಇಳಿಸುತ್ತ ಹೋದಾಗ ಗುಟ್ಟು ಬಯಲಾಯಿತು. ನನ್ನ ಸಿಮ್‌ನ ಜಾಲ ಒಳಗೊಳಗೆ ಐಪಿವಿ6. ಐಪಿವಿ4 ಪ್ಯಾಕೆಟ್ ಅಲ್ಲಿ ಹಾಯುವಾಗ ಇನ್ನೂ 20 ಬೈಟ್ ಊದಿಕೊಳ್ಳುತ್ತದೆ. ವೈರ್‌ಗಾರ್ಡ್ ಒಳಗೆ ಹಿಡಿಸುವ ಪ್ಯಾಕೆಟ್ 1420 ಬೈಟ್, ಅದರ ಹೊದಿಕೆ 60, ಇದು 20, ಕೂಡಿದರೆ ಭರ್ತಿ 1500. ಮೊಬೈಲ್ ಜಾಲದಲ್ಲಿ ಅಷ್ಟು ಜಾಗವಿರಲಿಲ್ಲ. ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 1280ಕ್ಕೆ ಇಳಿಸಿ, ಅದಕ್ಕೆ ತಕ್ಕಂತೆ ಎಂಎಸ್‌ಎಸ್ (ಪ್ಯಾಕೆಟ್‌ನೊಳಗಿನ ದತ್ತಾಂಶದ ಗಾತ್ರ) ಹೊಂದಿಸುವ ಗುರುತನ್ನೂ ಹಾಕಿದೆ. ಮರುಕ್ಷಣವೇ ಹಸಿರು ಪಟ್ಟಿ ಓಡತೊಡಗಿತು. ನಮ್ಮ 40 ಎಂಬಿಪಿಎಸ್ ಸಂಪರ್ಕದಲ್ಲಿ ಈಗ ಸೆಕೆಂಡಿಗೆ ನಾಲ್ಕೂವರೆ ಎಂಬಿ ಬರುತ್ತದೆ, ಅಂದರೆ ಒಂದು ಕ್ಯಾಸೆಟ್ ಮೂರೂವರೆ ನಿಮಿಷದಲ್ಲಿ. ಅದೇ ಹಳೆಯ ರೂಟರ್‌ನಲ್ಲಿ! ಪರದೆಯ ಚಿತ್ರ ತೆಗೆದು ಭಾವನಿಗೆ ಕಳಿಸಿದೆ. ಮಾರನೇ ದಿನ ಅವರೇ ಫೋನ್ ಮಾಡಿ ಸಂರಚನೆ ಕೇಳಿದರು.

ಮಲೆನಾಡಿನ ಮಳೆಗಾಲ ಇನ್ನೊಂದು ಪಾಠ ಕಲಿಸಿತು. ಕರೆಂಟು ಹೋಗಿ ಬಂದರೆ ಟನಲ್ ಏಳುತ್ತಿರಲಿಲ್ಲ. ಈ ರೂಟರ್‌ನಲ್ಲಿ ಗಡಿಯಾರಕ್ಕೆ ಬ್ಯಾಟರಿ ಇಲ್ಲ; ಎದ್ದಾಗ ಹಳೆಯ ಸಮಯ ಹಿಡಿದು ಏಳುತ್ತದೆ, ಹಿಂದಿನದಕ್ಕಿಂತ ಹಳೆಯ ಸಮಯದ ಹ್ಯಾಂಡ್‌ಶೇಕನ್ನು ವೈರ್‌ಗಾರ್ಡ್ ಒಪ್ಪುವುದಿಲ್ಲ. ಅದರ ಮೇಲೆ ಫೈಬರ್ ಪೆಟ್ಟಿಗೆ ಏಳಲು ಮೂರು ನಿಮಿಷ, ರೂಟರ್‌ಗೆ ಒಂದೇ ನಿಮಿಷ; ಅದು ಎದ್ದಾಗ ಇಂಟರ್ನೆಟ್ಟೇ ಇಲ್ಲದೆ ಸರ್ವರ್‌ನ ಹೆಸರಿಗೆ ವಿಳಾಸ ಸಿಗುತ್ತಿರಲಿಲ್ಲ. ಸರ್ವರ್‌ನ ಹೆಸರು ತೆಗೆದು ನೇರ ಐಪಿ ಬರೆದೆ, ಗಡಿಯಾರ ಸರಿಹೋಗುವವರೆಗೆ ಟನಲ್ ಕಾಯುವಂತೆ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದೆ. ಜೊತೆಗೆ 1,400 ರೂಪಾಯಿಯ 12 ವೋಲ್ಟ್ ಮಿನಿ ಯುಪಿಎಸ್ ಇಟ್ಟೆ. ಪೆಟ್ಟಿಗೆ, ರೂಟರ್ ಎರಡನ್ನೂ ಎರಡು ಗಂಟೆ ತಾಳಿಸುತ್ತದೆ. ನ್ಯಾಸ್ ಮಾತ್ರ ರಾತ್ರಿ ಬೇಕೆಂದಾಗ ಏಳುತ್ತದೆ. ರೂಟರ್‌ನಿಂದಲೇ ವೇಕ್ ಆನ್ ಲ್ಯಾನ್, ಅಂದರೆ ಎಬ್ಬಿಸುವ ಸಂದೇಶ ಕಳಿಸುತ್ತೇನೆ.

ಒಂದು ಎಚ್ಚರಿಕೆ ಹೇಳಲೇಬೇಕು. ಈ ವಿಧಾನದಲ್ಲಿ ಬಾಡಿಗೆ ಸರ್ವರ್ ಮೇಲೆ ಒಂದು ಟನಲ್ ಬಿಚ್ಚಿಕೊಂಡು ಇನ್ನೊಂದಕ್ಕೆ ಸೇರುತ್ತದೆ, ನಡುವೆ ನಿಮ್ಮ ಕಡತ ಬೆತ್ತಲೆ. ನ್ಯಾಸ್‌ನಲ್ಲಿ ಕಡತ ಹಂಚುವ ಪದ್ಧತಿಯಾದ ಎಸ್‌ಎಂಬಿ 3ರ ಗೂಢಲಿಪೀಕರಣ ಕಡ್ಡಾಯ ಮಾಡಿ. ಎಸ್‌ಎಂಬಿ ಬಳಸುವ 445ನೇ ಪೋರ್ಟನ್ನು ನೇರವಾಗಿ ಹೊರಗೆ ತೆರೆಯುವ ಯೋಚನೆಯನ್ನಂತೂ ಬಿಟ್ಟುಬಿಡಿ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ 2017ರ ವಾನ್ನಾಕ್ರೈ ಕುತಂತ್ರಾಂಶ ಹರಡಿದ್ದು ಅದೇ ಬಾಗಿಲಿನಿಂದ.

ಕಳೆದ ತಿಂಗಳು ಅಪ್ಪ ಹುಬ್ಬಳ್ಳಿಯ ಅಕ್ಕನ ಮನೆಯಲ್ಲಿದ್ದರು. ಅವರ ಮೊಬೈಲ್‌ಗೂ ಟನಲ್ ಹಾಕಿಕೊಟ್ಟಿದ್ದೇನೆ. ರಾತ್ರಿ ಹತ್ತಕ್ಕೆ ಫೋನ್ ಬಂತು. ಒಂದು ಕರ್ಣಪರ್ವದ ಕ್ಯಾಸೆಟ್‌ನ ಮೊದಲ ಬದಿ ಮುಗಿದಿತ್ತಂತೆ, ಎರಡನೆಯದು ಎಲ್ಲಿದೆ ಎಂದು ಕೇಳಿದರು. ಅದನ್ನು ನಾನಿನ್ನೂ ಶುದ್ಧ ಮಾಡಿರಲಿಲ್ಲ. ಆ ರಾತ್ರಿಯೇ ಕುಳಿತು ಮುಗಿಸಿದೆ.